ಅಣ್ಣನ ಹಿಪ್ ರಿಸರ್ಫೇಸಿಂಗ್: ಆಪರೇಷನ್‌ಗೆ ಐದಕ್ಕೆ ಐದು, ಡಿಸ್ಚಾರ್ಜ್ ಪೇಪರ್‌ಗೆ ಒಂದು

ಬೆಂಗಳೂರಿನ ಒಂದು ದೊಡ್ಡ ಪ್ರೈವೇಟ್ ಆಸ್ಪತ್ರೇಲಿ ನಮ್ಮಣ್ಣಂಗೆ ಬಲಗಡೆ ಹಿಪ್ ರಿಸರ್ಫೇಸಿಂಗ್ ಮಾಡಿಸಿದ್ವಿ. ಫುಲ್ ರಿಪ್ಲೇಸ್‌ಮೆಂಟ್‌ನಲ್ಲಿ ತೊಡೆ ಮೂಳೆಯ ಮೇಲಿನ ಗುಂಡನ್ನೇ ಕತ್ತರಿಸಿ ತೆಗೀತಾರೆ, ಇದ್ರಲ್ಲಿ ಗುಂಡು ಉಳಿಸ್ಕೊಂಡು ಸವೆದಿರೋ ಮೇಲ್ಭಾಗ ಮಾತ್ರ ಕೆತ್ತಿ ಲೋಹದ ಟೋಪಿ ಕೂರಿಸ್ತಾರೆ, ಸೊಂಟದ ಕಡೆಗೂ ಲೋಹದ್ದೇ ಕಪ್. ಗುಂಡು ದೊಡ್ಡದಾಗೇ ಇರೋದ್ರಿಂದ ಕೀಲು ಜಾರೋದು ಕಡಿಮೆ, ಮುಂದೆ ಯಾವಾಗ್ಲಾದ್ರೂ ರಿಪ್ಲೇಸ್‌ಮೆಂಟ್ ಬೇಕಾದ್ರೂ ಮೂಳೆ ಉಳ್ದಿರತ್ತೆ. ಟೆನಿಸ್ ಆಟಗಾರ ಆಂಡಿ ಮರ್ರೆ 2019ರ ಜನವರೀಲಿ ಇದನ್ನೇ ಮಾಡಿಸ್ಕೊಂಡು ಅದೇ ವರ್ಷ ಅಕ್ಟೋಬರ್‌ನಲ್ಲಿ ಆಂಟ್ವರ್ಪ್ ಟೂರ್ನಿ ಗೆದ್ರು, ಅದನ್ನ ನೋಡಿ ನಂಗೂ ಇದೇ ಬೇಕು ಅನ್ನೋರು ಜಾಸ್ತಿ.

ಆದ್ರೆ ಎಲ್ರಿಗೂ ಆಗ್ಬರಲ್ಲ, ಇದನ್ನ ಡಾಕ್ಟ್ರು ಮುಚ್ಚುಮರೆ ಇಲ್ದೆ ಹೇಳಿದ್ರು, ಅದಕ್ಕೇ ನಂಗೆ ಅವ್ರ ಮೇಲೆ ನಂಬಿಕೆ ಬಂತು. ನಮ್ ಚಿಕ್ಕಮ್ಮನ ಎಕ್ಸ್‌ರೇನೂ ತೋರಿಸಿದ್ವಿ, ‘ಅಮ್ಮಾ, ನಿಮ್ಗೆ ಇದು ಬೇಡ, ರಿಪ್ಲೇಸ್‌ಮೆಂಟೇ ಸರಿ’ ಅಂದ್ಬಿಟ್ರು. ಲೋಹಕ್ಕೆ ಲೋಹ ಉಜ್ಜಿ ಕೋಬಾಲ್ಟ್, ಕ್ರೋಮಿಯಂ ರಕ್ತಕ್ಕೆ ಸೇರತ್ತೆ, ಹೆಂಗಸರಲ್ಲಿ ಕೀಲಿನ ಸೈಜ್ ಚಿಕ್ಕದಾದ್ದರಿಂದ ತೊಂದ್ರೆ ಜಾಸ್ತಿ. ಬರ್ಮಿಂಗ್‌ಹ್ಯಾಮ್ ಅನ್ನೋ ಹೆಸರಿನ ಈ ಟೋಪಿ-ಕಪ್ ಇಂಪ್ಲಾಂಟ್ ಮಾಡೋ ಸ್ಮಿತ್ ಅಂಡ್ ನೆಫ್ಯೂ ಕಂಪನೀನೇ 2015ರಲ್ಲಿ ಹೆಂಗಸರಿಗೆ ಹಾಕ್ಬೇಡಿ, 46 ಮಿಲಿಮೀಟರ್ ಮತ್ತು ಅದಕ್ಕಿಂತ ಚಿಕ್ಕ ಸೈಜಿನ ಟೋಪೀನೂ ಬೇಡ ಅಂತ ಹೇಳಿದೆ. ಮೂಳೆ ಟೊಳ್ಳಾದೋರು, ಕಿಡ್ನಿ ತೊಂದ್ರೆ ಇರೋರು, ಲೋಹದ ಅಲರ್ಜಿ ಇರೋರೂ ಮೊದ್ಲೇ ಹೇಳ್ಬೇಕು.

ಫಿಸಿಯೋ ಮೇಡಂ ಬಗ್ಗೆ ಎಷ್ಟು ಹೇಳಿದ್ರೂ ಕಡಿಮೆ. ಮಾರನೇ ದಿನಾನೇ ವಾಕರ್ ಕೊಟ್ಟು ಎಬ್ಬಿಸಿದ್ರು, ಆಮೇಲೆ ಮೆಟ್ಲ ಹತ್ರ ಕರ್ಕೊಂಡೋಗಿ ‘ಹತ್ತೋವಾಗ ಒಳ್ಳೇ ಕಾಲು, ಇಳಿಯೋವಾಗ ಆಪರೇಷನ್ ಕಾಲು’ ಅಂತ ಅಣ್ಣನ ಬಾಯಲ್ಲೇ ಹೇಳಿಸಿ ಹೇಳಿಸಿ ಹತ್ತಿಸಿದ್ರು. ಮನೇಲಿ ಇಂಡಿಯನ್ ಟಾಯ್ಲೆಟ್ ಇದ್ರೆ ಕಮೋಡ್ ಚೇರ್ ಡಿಸ್ಚಾರ್ಜ್‌ಗೆ ಮುಂಚೇನೇ ತಂದಿಡಿ, ಚಕ್ಕಳಮಕ್ಕಳ ಹಾಕಿ ಕೂರೋದು ಡಾಕ್ಟ್ರು ಹೂಂ ಅಂದ್ಮೇಲೇ. ಮೀನಖಂಡ ಊದ್ಕೊಂಡು ನೋವು ಬಂದ್ರೆ ರಕ್ತ ಹೆಪ್ಪುಗಟ್ಟಿರಬಹುದು, ತಕ್ಷಣ ಆಸ್ಪತ್ರೆಗೆ ಹೋಗಿ. ಇನ್ನೊಂದು ಅಪಾಯ ಏನಂದ್ರೆ ನೋವು ಬೇಗ ಹೋಗ್ಬಿಡತ್ತೆ, ಆದ್ರೆ ಟೋಪಿ ಕೆಳಗಿನ ಮೂಳೆ ಕುತ್ತಿಗೆ ಮೊದಲ ಕೆಲವು ತಿಂಗಳಲ್ಲಿ ಮುರಿಯೋ ಸಾಧ್ಯತೆ ಇರತ್ತೆ. ಅಣ್ಣ ಊರಿಗೆ ಹೋದ ಹೊಸದ್ರಲ್ಲೇ ಗೊಬ್ಬರದ ಚೀಲ ಎತ್ತೋಕ್ ಹೊರಟಿದ್ದ, ಅತ್ತಿಗೆ ಬೈದು ಕೂರಿಸಿದ್ರು. ಓಡೋದು, ಜಿಗಿಯೋದು, ಭಾರ ಎತ್ತೋದು, ಯಾವ್ದೂ ಡಾಕ್ಟ್ರನ್ನ ಕೇಳ್ದೆ ಬೇಡ.

ಇನ್ನು ನನ್ ದೂರು. ಡಿಸ್ಚಾರ್ಜ್ ಸಮ್ಮರೀಲಿ ಇಂಪ್ಲಾಂಟ್ ಅಂತ ಮಾತ್ರ ಇತ್ತು, ಕಂಪನಿ, ಸೈಜ್, ಲಾಟ್ ನಂಬರ್ (ಯಾವ ಬ್ಯಾಚಲ್ಲಿ ತಯಾರಾಗಿದ್ದು ಅನ್ನೋ ನಂಬರ್) ಏನೂ ಇಲ್ಲ. ಡಬ್ಬಿ ಮೇಲೆ ಬರೋ ಸ್ಟಿಕ್ಕರ್ ಕಾಪಿಗೆ ರೆಕಾರ್ಡ್ಸ್ ಸೆಕ್ಷನ್‌ಗೆ ಅಲೆದಾಡಿಸಿದ್ರು, ಇದು ಖಂಡಿತ ಸರಿಯಿಲ್ಲ. ಡೀಪ್ಯೂ ಕಂಪನಿಯ ಎಎಸ್‌ಆರ್ ಅನ್ನೋ ಲೋಹದ ಹಿಪ್ ಇಂಪ್ಲಾಂಟನ್ನ 2010ರಲ್ಲಿ ಪ್ರಪಂಚದಾದ್ಯಂತ ವಾಪಸ್ ತಗೊಂಡ್ರು, ನಮ್ ದೇಶದಲ್ಲೂ ಸಾವಿರಾರು ಜನಕ್ಕೆ ಹಾಕಿದ್ರು, ಅದ್ರಲ್ಲಿ ತುಂಬಾ ಜನ ಎಲ್ಲಿದಾರೆ ಅಂತ ಪತ್ತೆ ಹಚ್ಚೋಕೇ ಆಗ್ಲಿಲ್ಲ. ಆ ಸ್ಟಿಕ್ಕರ್ ಫೋಟೋ ತೆಗೆದು ಮನೇಲಿ ಇಬ್ರು ಫೋನಲ್ಲಿ ಇಟ್ಕೊಳಿ. ಆಮೇಲೆ ಕೋಬಾಲ್ಟ್, ಕ್ರೋಮಿಯಂ ಬ್ಲಡ್ ಟೆಸ್ಟ್ ಎಷ್ಟು ವರ್ಷಕ್ಕೊಮ್ಮೆ, ಎಲ್ಲಿ ಮಾಡಿಸ್ಬೇಕು, ದುಡ್ಡೆಷ್ಟು ಅಂತ ಡಿಸ್ಚಾರ್ಜ್ ದಿನಾನೇ ಬರೆಸ್ಕೊಳಿ, ಎಲ್ಲಾ ಲ್ಯಾಬಲ್ಲೂ ಮಾಡಲ್ಲ.