ಹೈಡೆಲ್‌ಬರ್ಗ್ ಕೋಟೆ ಟಿಕೆಟ್: ಏನುಂಟು, ಏನಿಲ್ಲ

ಮಕ್ಕಳು ಓದುತ್ತಿದ್ದಾರೆಂದು ಶಿವಮೊಗ್ಗ, ತೀರ್ಥಹಳ್ಳಿ ಕಡೆಯಿಂದ ಜರ್ಮನಿಯ ಹೈಡೆಲ್‌ಬರ್ಗ್‌ಗೆ ಹೋಗುವ ಅಪ್ಪ-ಅಮ್ಮಂದಿರು ತಪ್ಪದೆ ಕೊಳ್ಳುವುದು ಕೋಟೆ ಟಿಕೆಟ್ಟು. ಕಾರ್ನ್‌ಮಾರ್ಕ್ಟ್ ನಿಲ್ದಾಣದಿಂದ ಹಗ್ಗ ಎಳೆಯುವ ರೈಲಿನಲ್ಲಿ ಹೋಗಿಬರುವುದು, ಕೋಟೆಯ ಅಂಗಳ, ದೊಡ್ಡ ಪೀಪಾಯಿ, ಔಷಧಿ ಮ್ಯೂಸಿಯಂ ಎಲ್ಲ ಒಂದರಲ್ಲೇ ಮುಗಿಯುತ್ತದೆ. ದುಡ್ಡಿಗೆ ಮೋಸವಿಲ್ಲ.

ಎಡವುವುದು ಎರಡು ಕಡೆ. ಅರಮನೆಯ ಒಳಕೋಣೆಗಳಿಗೆ ಗೈಡ್ ಜೊತೆಗೇ ಹೋಗಬೇಕು, ಅದಕ್ಕೆ ಬೇರೆ ಟಿಕೆಟ್. ಕೋಟೆಯಲ್ಲಿ ಇಳಿಯದೆ ಗುಡ್ಡದ ತುದಿ ಕ್ಯೋನಿಗ್‌ಸ್ಟೂಲ್‌ವರೆಗೆ ಹೋದರೂ ಈ ಕೋಟೆ ಟಿಕೆಟ್ ನಡೆಯುವುದಿಲ್ಲ.

1751ರ ಆ ಪೀಪಾಯಿ ಸುಮಾರು 2.2 ಲಕ್ಷ ಲೀಟರ್ ವೈನ್ ಹಿಡಿಯುವಂಥದ್ದು. ಮೆಟ್ಟಿಲೇರಿ ಅದರ ನೆತ್ತಿಯ ಮೇಲೇ ನಿಲ್ಲಬಹುದು. ಅಡಿಕೆ ಬೇಯಿಸುವ ಹಂಡೆ ನೋಡಿ ಬೆಳೆದ ಕಣ್ಣಿಗೂ ದೊಡ್ಡದೇ.

ಬರೀ ನೋಟ ಸಾಕೆನ್ನುವವರಿಗೆ ಟಿಕೆಟ್ಟೇ ಬೇಡ: ಕೋಟೆಯ ತೋಟಕ್ಕೆ ಪ್ರವೇಶ ಉಚಿತ, ಕೆಂಪು ಹೆಂಚಿನ ಮನೆಗಳೂ ನೆಕ್ಕಾರ್ ಹೊಳೆಯೂ ಅಲ್ಲಿಂದಲೇ ಕಾಣುತ್ತವೆ. ನಡೆದು ಹತ್ತಲು 315 ಮೆಟ್ಟಿಲು. ಕವಲೇದುರ್ಗ ಹತ್ತಿದ ಮಂಡಿಗೆ ಅದೇನು ಮಹಾ! ಮಳೆ ಬಂದರೆ ಮಾತ್ರ ಕಲ್ಲುಹಾಸು ಜಾರುತ್ತದೆ, ಹವಾಯಿ ಚಪ್ಪಲಿ ಬೇಡ.

1386ರ ವಿಶ್ವವಿದ್ಯಾಲಯದ ‘ವಿದ್ಯಾರ್ಥಿ ಜೈಲು’ ಊರೊಳಗಿದೆ, ಟಿಕೆಟ್ ಬೇರೆ. ಪುಂಡ ಹುಡುಗರು ಮಸಿಯಲ್ಲಿ ಬರೆದ ಚಿತ್ರಗಳು ಗೋಡೆ ತುಂಬಾ ಇವೆ. ಕೋಟೆಗಿಂತ ಇದೇ ಒಂದು ಕೈ ಮೇಲು.

ಭಾನುವಾರ ಅಂಗಡಿಗಳು ಬಾಗಿಲು ಹಾಕಿರುತ್ತವೆ, ಶನಿವಾರವೇ ಸಾಮಾನು ತಂದಿಡಿ. ಮಗನಿಗೆಂದು ಮನೆತುಪ್ಪ ಕಟ್ಟಬೇಡಿ. ಹಾಲಿನ ಪದಾರ್ಥ ಒಯ್ಯುವಂತಿಲ್ಲ, ವಿಮಾನ ನಿಲ್ದಾಣದಲ್ಲೇ ಕಿತ್ತುಕೊಳ್ಳುತ್ತಾರೆ.