ಗೇರ್ ಕಳಚುವ ಅಂಗಡಿಗೆ ನೂರಕ್ಕೆ ಎಪ್ಪತ್ತೆಂಟು

ಮೈಸೂರಿನ ಅಗ್ರಹಾರದ ಕಡೆಯ ಒಂದು ಅಡ್ಡರಸ್ತೆಯಲ್ಲಿ ಬೋರ್ಡಿಲ್ಲದ ಸೈಕಲ್ ರಿಪೇರಿ ಅಂಗಡಿ ಇದೆ. ತುಕ್ಕು ಹಿಡಿದ ಗೇರ್ ಸೈಕಲ್ ಕೊಟ್ಟರೆ ಗೇರನ್ನೆಲ್ಲ ಕಿತ್ತುಹಾಕಿ, ಗುಜರಿಯಿಂದ ಆರಿಸಿಟ್ಟ ಸಾಮಾನು ಸೇರಿಸಿ, ಸಾದಾ ಸೈಕಲ್ ಮಾಡಿಕೊಡುತ್ತಾರೆ. ಪಿಯುಸಿಗೆ ಬಂದ ಮೇಲೆ ನನ್ನ ಮಗ ತಿರುಗಿಯೂ ನೋಡದ 18 ಗೇರಿನ ಸೈಕಲ್ಲನ್ನು ಅಲ್ಲಿಗೆ ಒಯ್ದೆ. ಈಗ ಕುವೆಂಪುನಗರದಿಂದ ಶಾಲೆಗೆ ಅದರಲ್ಲೇ ಹೋಗಿಬರುತ್ತೇನೆ. ನಾನು ಗಣಿತ ಟೀಚರ್, ಅಂಕ ಹಾಕದೆ ಇರಲಾರೆ: ನೂರಕ್ಕೆ ಎಪ್ಪತ್ತೆಂಟು.

ಮೊದಲು ಆ ಹದಿನೆಂಟು ಗೇರಿನ ಲೆಕ್ಕ. ಮುಂದೆ ಪೆಡಲಿನ ಬಳಿ ಮೂರು ಚೈನ್‌ವೀಲ್, ಹಿಂದೆ ಆರು ಹಲ್ಲುಚಕ್ರ, ಗುಣಿಸಿದರೆ ಹದಿನೆಂಟು. ಹುಡುಗರು ಅದನ್ನೇ ಹೇಳಿಕೊಂಡು ಮೆರೆಯುತ್ತಾರೆ. ಆದರೆ ಮುಂದಿನ 48 ಹಲ್ಲನ್ನು ಹಿಂದಿನ 24ರಿಂದ ಭಾಗಿಸಿದರೂ ಎರಡು, 28ನ್ನು 14ರಿಂದ ಭಾಗಿಸಿದರೂ ಎರಡು; ಅಂದರೆ ಪೆಡಲ್ ಒಂದು ಸುತ್ತಿಗೆ ಹಿಂದಿನ ಚಕ್ರ ಎರಡು ಸುತ್ತು. ಒಂದೇ ಗೇರು, ಎರಡು ಹೆಸರು. ಹೀಗೆ ಹತ್ತಿರಹತ್ತಿರ ಬರುವವನ್ನೆಲ್ಲ ಕಳೆದರೆ ಉಳಿಯುವುದು ಹದಿನೆಂಟಕ್ಕಿಂತ ಎಷ್ಟೋ ಕಡಿಮೆ. ಅಗ್ಗದ ಸೈಕಲ್ಲುಗಳಲ್ಲಿ ಎರಡು ಮಳೆಗಾಲ ಕಳೆಯುವಷ್ಟರಲ್ಲಿ ಕೇಬಲ್ ತುಕ್ಕು ಹಿಡಿದು, ಸವಾರ ಯಾವುದೋ ಒಂದೇ ಗೇರಿನಲ್ಲಿ ಓಡಿಸುತ್ತಿರುತ್ತಾನೆ. ಓಡುವುದು ಒಂದೇ ಆದ ಮೇಲೆ ಆ ಒಂದನ್ನು ನಾವೇ ಆರಿಸಿಕೊಳ್ಳುವುದು ಮೇಲಲ್ಲವೇ?

ಈ ಆಯ್ಕೆಯಲ್ಲೇ ಅಂಗಡಿಯ ಯಜಮಾನರ ಅನುಭವ ಕಾಣುವುದು. ಅವರು ಕೇಳಿದ ಮೊದಲ ಪ್ರಶ್ನೆ, "ಚಾಮುಂಡಿ ಬೆಟ್ಟ ಹತ್ತುತ್ತೀರಾ ಅಮ್ಮಾ?" ಇಲ್ಲ ಎಂದೆ. "ಹಿಂದೆ ಯಾರನ್ನಾದರೂ ಕೂರಿಸಿಕೊಳ್ಳುತ್ತೀರಾ?" ಅದೂ ಇಲ್ಲ, ಉತ್ತರಪತ್ರಿಕೆಯ ಕಟ್ಟು ಮಾತ್ರ. ಆಮೇಲೆ ಮುಂದೆ ನಡುವಿನ 38 ಹಲ್ಲಿನ ಚಕ್ರವನ್ನೇ ಉಳಿಸಿ, ಹಿಂದೆ 16 ಹಲ್ಲಿನ ಒಂದೇ ಚಕ್ರ, ಅಂದರೆ ಫ್ರೀವೀಲ್, ಹಾಕೋಣ ಎಂದರು. ಮನೆಗೆ ಬಂದು ಲೆಕ್ಕ ಹಾಕಿದೆ. 38 ಭಾಗಿಸು 16 ಅಂದರೆ 2.375. 26 ಇಂಚಿನ ಚಕ್ರಕ್ಕೆ ಪೆಡಲ್ ಒಂದು ಸುತ್ತು ತುಳಿದರೆ ಐದು ಮೀಟರಿಗೆ ತುಸು ಕಡಿಮೆ ದೂರ. ಸಿಗ್ನಲ್ಲಿನಿಂದ ಹೊರಡುವಾಗ ಮಂಡಿಗೆ ಭಾರವಾಗುವುದಿಲ್ಲ. ವಿಶ್ವಮಾನವ ಜೋಡಿ ರಸ್ತೆ ಖಾಲಿಯಿದ್ದಾಗ ಮಾತ್ರ ಕಾಲು ಸುಮ್ಮನೆ ಗಿರಗಿರನೆ ತಿರುಗಿದಂತೆ ಅನ್ನಿಸುತ್ತದೆ. ವೇಗದ ಹುಚ್ಚಿರುವವರು ಮುಂದೆ ದೊಡ್ಡ ಚೈನ್‌ವೀಲ್ ಕೇಳಿ ಹಾಕಿಸಿಕೊಳ್ಳಬಹುದು. ನನಗೆ ಇಷ್ಟು ಸಾಕು.

ಹಳೆಯ ಆರು ಹಲ್ಲುಚಕ್ರದ ಗೊಂಚಲನ್ನು ಬಿಚ್ಚುವುದನ್ನು ನಿಂತು ನೋಡಿದೆ. ತುಕ್ಕಿಗೆ ಅದು ಚಕ್ರದ ನಡುವಿನ ಹಬ್ಬಿಗೇ ಅಂಟಿಕೊಂಡಿತ್ತು. ಹಿಂದಿನ ರಾತ್ರಿಯೇ ಎಣ್ಣೆ ಬಿಟ್ಟಿದ್ದರಂತೆ. ಬಿಚ್ಚುವ ಹಲ್ಲುಗೂಟವನ್ನು ವೈಸಿನಲ್ಲಿ ಬಿಗಿದು, ಅದರ ಮೇಲೆ ಚಕ್ರವನ್ನು ಮಲಗಿಸಿ, ಟೈರನ್ನು ಎರಡೂ ಕೈಯಲ್ಲಿ ಹಿಡಿದು ಬಸ್ಸಿನ ಸ್ಟೇರಿಂಗ್ ಹಾಗೆ ತಿರುಗಿಸಿದರು. ಪಾನಾ ಹಿಡಿದು ಎಷ್ಟು ತಿಣುಕಿದರೂ ಬಾರದ್ದು ಕಟ್ ಎಂದು ಬಿಟ್ಟುಕೊಂಡಿತು. ಆ ಜಾಗಕ್ಕೆ ಹಾಲಿನವರ ಸೈಕಲ್ಲಿಗೆ ಹಾಕುವ ಸಾದಾ ಫ್ರೀವೀಲ್ ತಿರುಗಿಸಿದರೆ ಸಲೀಸಾಗಿ ಕೂತಿತು. ಎರಡಕ್ಕೂ ತಿರುಪಿನ ಎಳೆ ಒಂದೇ: 1.37 ಇಂಚು ವ್ಯಾಸ, ಇಂಚಿಗೆ 24 ಎಳೆ. ಹಳೆಯ ಗೇರ್ ಸೈಕಲ್ಲುಗಳು ಇಷ್ಟು ಅಗ್ಗದಲ್ಲಿ ಸಾದಾ ಆಗುವುದು ಈ ಒಂದು ಹೊಂದಿಕೆಯ ಪುಣ್ಯದಿಂದ. ಈಚಿನ ದುಬಾರಿ ಸೈಕಲ್ಲುಗಳ ಹಬ್ಬಿನಲ್ಲಿ ಎಳೆಯ ಬದಲು ಉದ್ದ ತೋಡುಗಳಿರುತ್ತವೆ, ಹಲ್ಲುಚಕ್ರಗಳನ್ನು ಅದಕ್ಕೆ ತೂರಿಸಿರುತ್ತಾರೆ. ಅಂಥವನ್ನು ಯಜಮಾನರು ಮುಟ್ಟುವುದಿಲ್ಲ, ಒಯ್ಯಬೇಡಿ.

ಫ್ರೀವೀಲ್ ಕೂತರೆ ಕೆಲಸ ಮುಗಿಯಿತು ಎಂದುಕೊಂಡಿದ್ದೆ. ನಿಜವಾದ ಕೆಲಸ ಶುರುವಾದದ್ದೇ ಅಲ್ಲಿ. ಆರು ಚಕ್ರಕ್ಕೆ ಜಾಗ ಬಿಡಲು ಹಬ್ಬನ್ನು ಎಡಕ್ಕೆ ಸರಿಸಿ ಜೋಡಿಸಿರುತ್ತಾರೆ. ಈಗ ಒಂದೇ ಚಕ್ರವಿದ್ದು, ಅದು ಮುಂದಿನ ನಡುಚಕ್ರಕ್ಕಿಂತ ಒಳಗೆ ಬೀಳುತ್ತದೆ; ಚೈನ್ ಓರೆಯಾಗಿ ಓಡುತ್ತದೆ. ಅದಕ್ಕೆ ಆಕ್ಸಲ್ಲಿನ ಬಲಬದಿಯ ವಾಷರುಗಳನ್ನು ಒಂದೊಂದಾಗಿ ತೆಗೆದು ಎಡಬದಿಗೆ ಹಾಕಿದರು. ಹಬ್ ಬಲಕ್ಕೆ ಬಂತು, ಅದರ ಜೊತೆಗೆ ರಿಮ್ಮೂ ಬಂತು. ರಿಮ್ಮನ್ನು ಮತ್ತೆ ನಡುಮಧ್ಯಕ್ಕೆ ತರಲು ಬಲಗಡೆಯ ಕಡ್ಡಿಗಳನ್ನು ಕಾಲು ಕಾಲು ಸುತ್ತು ಸಡಿಲಿಸಿ, ಎಡಗಡೆಯವನ್ನು ಅಷ್ಟೇ ಬಿಗಿ ಮಾಡಬೇಕು. ಒಂದು ಸುತ್ತು ಮುಗಿದ ಮೇಲೆ ಬೆರಳಲ್ಲಿ ಕಡ್ಡಿಗಳನ್ನು ಮೀಟಿ ಕೇಳುತ್ತಿದ್ದರು. ಮೊದಲು ಎಡಗಡೆಯವು ಮಂಕಾಗಿ, ಬಲಗಡೆಯವು ಚುರುಕಾಗಿ ಸದ್ದು ಮಾಡುತ್ತಿದ್ದವು. ಕೊನೆಗೆ ಎರಡೂ ಬದಿ ಹೆಚ್ಚುಕಡಿಮೆ ಒಂದೇ ಶ್ರುತಿಗೆ ಬಂದವು. ಎರಡು ಕಡೆಯೂ ಸಮನಾಗಿ ಎಳೆಯುವುದರಿಂದ ಚಕ್ರ ಮೊದಲಿಗಿಂತ ಗಟ್ಟಿ. ಆಮೇಲೆ ಹಿಂದಿನಿಂದ ಕುಕ್ಕರುಗಾಲಲ್ಲಿ ಕೂತು, ಒಂದು ಕಣ್ಣು ಮುಚ್ಚಿ, ಚೈನ್ ದಾರಿಯನ್ನು ನೋಡಿ, ಇನ್ನೊಂದು ವಾಷರ್ ಬದಲಿಸಿದರು. ನಾನು ಕೊಟ್ಟ 700 ರೂಪಾಯಿ ಮಜೂರಿ ಈ ಒಂದು ಕೆಲಸಕ್ಕೇ ಸಲ್ಲುತ್ತದೆ. ಇಂಟರ್ನೆಟ್ ನೋಡಿ ಮನೆಯಲ್ಲೇ ಮಾಡಿಕೊಂಡವರ ಸೈಕಲ್ಲುಗಳು ಕರಕರ ಎನ್ನುವುದು ಬಹುಮಟ್ಟಿಗೆ ಇದನ್ನು ಬಿಟ್ಟುಬಿಡುವುದರಿಂದ.

ಹಳೆಯದು ಯಾವುದು ಹಾಕಬೇಕು, ಹೊಸದು ಯಾವುದು ಎಂಬ ವಿಷಯದಲ್ಲಿ ಯಜಮಾನರು ಕಟ್ಟುನಿಟ್ಟು. ಡಬ್ಬದಲ್ಲಿ ರಾಶಿ ರಾಶಿ ಹಳೆ ಚೈನ್ ಇದ್ದವು. ಒಂದನ್ನು ಎಳೆದು ಉಕ್ಕಿನ ಸ್ಕೇಲಿನ ಪಕ್ಕ ಹಿಡಿದು ತೋರಿಸಿದರು. ಪಿನ್ನಿನಿಂದ ಪಿನ್ನಿಗೆ ಅರ್ಧ ಇಂಚು, ಆದ್ದರಿಂದ 24 ಅಂತರಕ್ಕೆ ಸರಿಯಾಗಿ ಒಂದು ಅಡಿ ಬರಬೇಕು. ಅದರಲ್ಲಿ ಕೊನೆಯ ಪಿನ್ನು ಗೆರೆ ದಾಟಿ ನಿಂತಿತ್ತು. ಇಂಚಿನ ಹದಿನಾರನೆಯ ಒಂದು ಭಾಗ ದಾಟಿದರೆ ಗುಜರಿಗೇ ವಾಪಸ್ಸು. ಚೈನ್ ಮತ್ತು ಫ್ರೀವೀಲ್ ಜೊತೆಗೇ ಹೊಸದಾಗಿರಬೇಕು, ಸವೆದದ್ದಕ್ಕೂ ಹೊಸದಕ್ಕೂ ಹೊಂದುವುದಿಲ್ಲ ಎನ್ನುತ್ತಾರೆ. ಚೈನ್ 220, ಫ್ರೀವೀಲ್ 140, ಎರಡು ಟ್ಯೂಬಿಗೆ 300, ಬೇರಿಂಗ್ ಗುಂಡು ಮತ್ತು ಗ್ರೀಸಿಗೆ 100. ಮಜೂರಿ ಸೇರಿ 1,460 ರೂಪಾಯಿ.

ಮುರಿದ ಕಡ್ಡಿಗಳ ಬದಲಿ, ಬ್ರೇಕ್ ಹಿಡಿ, ಸೀಟು ಎಲ್ಲವೂ ಗುಜರಿಯವು, ಅವಕ್ಕೆ ದುಡ್ಡು ತೆಗೆದುಕೊಳ್ಳಲಿಲ್ಲ. ಸ್ಪ್ರಿಂಗಿನ ಸೀಟಿನ ಹಿಂಬದಿಯಲ್ಲಿ ಅಟ್ಲಾಸ್ ಎಂಬ ಹೆಸರು ಅರ್ಧ ಅಳಿಸಿದೆ. 1951ರಲ್ಲಿ ಸೋನಿಪತ್‌ನಲ್ಲಿ ಆರಂಭವಾದ ಆ ಕಂಪನಿಯ ಸಾಹಿಬಾಬಾದ್ ಕಾರ್ಖಾನೆ ಕೆಲಸ ನಿಲ್ಲಿಸಿದ್ದು 2020ರ ಜೂನ್ 3ರಂದು, ವಿಶ್ವ ಸೈಕಲ್ ದಿನದಂದೇ. ವಿಧಿಗೆ ಹಾಸ್ಯಪ್ರಜ್ಞೆ ಇಲ್ಲ ಎನ್ನುವವರು ಇದನ್ನು ಗಮನಿಸಬೇಕು. ಮಗನ ಹಳೆಯ ಸೀಟಿಗಿಂತ ಇದು ನೂರು ಪಾಲು ಮೇಲು.

ನಾನು ಚೂಡಿದಾರದಲ್ಲಿ ಸೈಕಲ್ ತುಳಿಯುವವಳೆಂದು ನೋಡಿ ಇನ್ನೊಂದು ಉಪಾಯ ಮಾಡಿದರು. ಮುಂದಿನ ದೊಡ್ಡ ಚಕ್ರವನ್ನು ಬಿಚ್ಚದೆ ಅದರ 48 ಹಲ್ಲನ್ನೂ ಗ್ರೈಂಡರಿನಲ್ಲಿ ಸವರಿ, ಅಂಚಿಗೆ ಅರ ಹಾಕಿ ನುಣ್ಣಗೆ ಮಾಡಿದರು. ಈಗ ಅದು ಬಟ್ಟೆಗೆ ಅಡ್ಡವಾಗಿ ನಿಂತಿದೆ, ಇದುವರೆಗೆ ಕಾಲಿನ ಅಂಚು ಚೈನಿಗೆ ಸಿಕ್ಕಿಲ್ಲ. ನಾನು ಕೇಳದೆ ಸಿಕ್ಕಿದ್ದು ಇದು.

ಇನ್ನು ಕಳೆದ ಅಂಕ. ಎಂಟು ಅಂಕ ಹೋದದ್ದು ಮಾತಿಗೆ. ಶುಕ್ರವಾರ ಎಂದವರು ಯಾವ ಶುಕ್ರವಾರ ಎಂದು ಹೇಳುವುದಿಲ್ಲ. ಹೋದಾಗಲೆಲ್ಲ ನನ್ನ ಸೈಕಲ್ ಅದೇ ಮೂಲೆಯಲ್ಲಿ, ಅದೇ ಸ್ಥಿತಿಯಲ್ಲಿ. ಏಳು ಅಂಕ ಬ್ರೇಕಿಗೆ. ಗಟ್ಟಿಯಾಗಿ ಹೊಳೆಯುತ್ತಿದ್ದ ಹಳೆಯ ಬ್ರೇಕ್ ರಬ್ಬರನ್ನು ಹಾಗೆಯೇ ಬಿಟ್ಟಿದ್ದರು. ಮೊದಲ ತುಂತುರು ಮಳೆಯಲ್ಲೇ ಸೈಕಲ್ ನಾನು ನಿಲ್ಲಿಸಬೇಕೆಂದ ಜಾಗ ದಾಟಿ ಹೋಗಿ ನಿಂತಿತು. ಚೈನಿನ ಮೇಲೆ ಇಷ್ಟು ಶ್ರದ್ಧೆ ಇರುವವರಿಗೆ ಬ್ರೇಕ್ ಯಾಕೆ ಕಾಣುವುದಿಲ್ಲವೋ! ನೀವು ಹೋದರೆ ಮೊದಲೇ ಹೊಸ ರಬ್ಬರ್ ಹಾಕಿ ಎಂದು ಹೇಳಿಬಿಡಿ. ನಾಲ್ಕು ಅಂಕ ಚೈನ್ ಕಳಚಿದ್ದಕ್ಕೆ. ಗೇರ್ ಸೈಕಲ್ಲಿನ ನಡುಚಕ್ರದ ಕೆಲವು ಹಲ್ಲುಗಳನ್ನು ಚೈನ್ ಸುಲಭವಾಗಿ ದಾಟಲೆಂದೇ ಗಿಡ್ಡವಾಗಿ ಕತ್ತರಿಸಿರುತ್ತಾರೆ. ಚೈನ್ ಸ್ವಲ್ಪ ಸಡಿಲವಾದರೂ ಹಂಪಿನ ಮೇಲೆ ಹಾರುತ್ತದೆ. ಚಕ್ರವನ್ನು ಹಿಂದಕ್ಕೆ ಎಳೆದು ಬಿಗಿ ಮಾಡಿಸಿದ ಮೇಲೆ ಸರಿಹೋಯಿತು, ದುಡ್ಡು ಕೇಳಲಿಲ್ಲ. ಕೊನೆಯ ಮೂರು, ಬಿಚ್ಚಿದ ಗೇರಿನ ಸಾಮಾನನ್ನು ಅವರೇ ಇಟ್ಟುಕೊಂಡು ಬಿಲ್ಲಿನಲ್ಲಿ ಒಂದು ರೂಪಾಯಿಯೂ ಕಳೆಯದೆ ಇದ್ದದ್ದಕ್ಕೆ. ಅದು ಇನ್ನೊಬ್ಬರ ಸೈಕಲ್ಲಿಗೆ ಹೋಗುತ್ತದೆ ಎಂದು ಗೊತ್ತು, ಆದರೂ ಲೆಕ್ಕ ಲೆಕ್ಕವೇ.

ಹೋಗುವ ಮುಂಚೆ ನಿಮ್ಮ ಸೈಕಲ್ಲಿನ ಹಿಂದಿನ ಆಕ್ಸಲ್ ಕೂರುವ ಸೀಳು ನೋಡಿಕೊಳ್ಳಿ. ಅದು ಅಡ್ಡಕ್ಕೋ ಓರೆಗೋ ಇದ್ದರೆ ಚಕ್ರ ಸರಿಸಿ ಚೈನ್ ಬಿಗಿ ಮಾಡಬಹುದು. ನೆಟ್ಟಗೆ ಕೆಳಮುಖವಾಗಿದ್ದರೆ ಆಗದು. ಆಗ ಅವರು ಹಳೆಯ ಗೇರ್ ಬದಲಿಸುವ ತೋಳನ್ನೇ ಸ್ಕ್ರೂನಿಂದ ಒಂದು ಕಡೆ ಕಟ್ಟಿಹಾಕಿ ಚೈನ್ ಎಳೆದು ಹಿಡಿಯಲು ಬಿಡುತ್ತಾರೆ. ನಮ್ಮ ಭಾವನವರ ಸೈಕಲ್ಲಿಗೆ ಹಾಗೆಯೇ ಮಾಡಿಕೊಟ್ಟರು, ನೋಡಲು ಚೆಂದವಿಲ್ಲ, ಓಡುತ್ತದೆ. ಚೌಕಟ್ಟು ಎಲ್ಲಾದರೂ ಬಿರುಕು ಬಿಟ್ಟಿದ್ದರೆ ಯಜಮಾನರು ಕೈಮುಗಿದು ವಾಪಸ್ ಕಳಿಸುತ್ತಾರೆ. ಮಧ್ಯಾಹ್ನ ಊಟದ ಹೊತ್ತಿಗೆ ಅಂಗಡಿ ಮುಚ್ಚಿರುತ್ತದೆ. ಸಂಜೆ ಹೋಗಿ, ಆದರೆ ಶಾಲೆ ಬಿಡುವ ಸಮಯಕ್ಕಲ್ಲ. ಪಂಕ್ಚರ್ ಹಾಕಿಸಲು ನಮ್ಮ ಮಕ್ಕಳೇ ಸಾಲು ನಿಂತಿರುತ್ತಾರೆ.