ಪ್ರೊಪೆಲ್ಲರೋ, ಎಂಜಿನ್ನೋ, ಚಕ್ರದ ಕವಚವೋ: ಕೈಯಲ್ಲಿ ಕಟ್ಟಿದ ವಿಮಾನಕ್ಕೆ ವೇಗ ಎಲ್ಲಿಂದ?

ಕೈಯಲ್ಲಿ ಕಟ್ಟಿದ ಎರಡು ಸೀಟಿನ ವಿಮಾನಕ್ಕೆ ವೇಗ ಸಾಲದು ಅನ್ನಿಸಿದಾಗ ಎಲ್ಲರ ಕಣ್ಣು ಹೋಗುವುದು ಎಂಜಿನ್ ಮೇಲೆ, ಆಮೇಲೆ ಪ್ರೊಪೆಲ್ಲರ್ ಮೇಲೆ. ಚಕ್ರಕ್ಕೂ ಅದನ್ನು ಹೊರುವ ಲ್ಯಾಂಡಿಂಗ್ ಗೇರಿನ ಕಾಲಿಗೂ ಫೈಬರ್ ಕವಚ ಹಾಕುವುದು ಬರೀ ಅಂದಕ್ಕೆ ಅಂದುಕೊಂಡವರೇ ಹೆಚ್ಚು. ನನ್ನ ಮತ ಆ ಕವಚಕ್ಕೇ, ಅದೂ ಎಲ್ಲಕ್ಕಿಂತ ಮೊದಲು. ಪ್ರೊಪೆಲ್ಲರ್ ಮೊದಲು ಕೊಂಡದ್ದು ತಪ್ಪು ಕ್ರಮವಾಯಿತು. ಎಂಜಿನ್ನನ್ನು ಮಾತ್ರ ಬದಲಿಸಿಲ್ಲ, ಇದೇ ನಕ್ಷೆಯ 100 ಅಶ್ವಶಕ್ತಿಯ ಇನ್ನೊಂದು ವಿಮಾನದಲ್ಲಿ ಹಾರಿ ನೋಡಿದ್ದು.

ವಿಮಾನ: ಮೇಲ್ರೆಕ್ಕೆ, ಅಲ್ಯೂಮಿನಿಯಂ ದೇಹ, ಮೂರು ಚಕ್ರ, ದುಂಡನೆಯ ಉಕ್ಕಿನ ಕಾಲು, 80 ಅಶ್ವಶಕ್ತಿಯ ರೋಟ್ಯಾಕ್ಸ್ 912 ಯುಎಲ್. 5,000 ಅಡಿಯಲ್ಲಿ ಪೂರ್ಣ ಥ್ರಾಟಲ್ ಕೊಟ್ಟರೆ 95 ನಾಟ್, ಅಂದರೆ ಗಂಟೆಗೆ ಸುಮಾರು 176 ಕಿ.ಮೀ.

ಅಳತೆ ಸರಿಯಿಲ್ಲದಿದ್ದರೆ ಈ ಹೋಲಿಕೆಗೆ ಅರ್ಥವಿಲ್ಲ. ಏರ್‌ಸ್ಪೀಡ್ ಮೀಟರನ್ನು ನಂಬಬೇಡಿ, ಹೊರಗಿನ ಗಾಳಿಯ ಒತ್ತಡ ತಿಳಿಸುವ ಅದರ ಸ್ಟ್ಯಾಟಿಕ್ ರಂಧ್ರದ ದೋಷವೇ ಮೂರ್ನಾಲ್ಕು ನಾಟ್ ಇರಬಹುದು. ಎತ್ತರ ತೋರುವ ಆಲ್ಟಿಮೀಟರನ್ನು 1013 ಹೆಕ್ಟೊಪಾಸ್ಕಲ್‌ಗೆ ಇಟ್ಟು, ಒಂದೇ ಎತ್ತರದಲ್ಲಿ, 120 ಡಿಗ್ರಿ ಅಂತರದ ಮೂರು ದಿಕ್ಕಿಗೆ ವಿಮಾನದ ಮೂಗು ತಿರುಗಿಸಿ ತಲಾ ಎರಡು ನಿಮಿಷ ಹಾರಿ, ಜಿಪಿಎಸ್ ವೇಗ ಬರೆದುಕೊಳ್ಳಿ. ಮೂರರ ಸರಾಸರಿಯೇ ನಿಜವೇಗ. 10 ನಾಟ್ ಗಾಳಿಯಿದ್ದರೂ ತಪ್ಪು ಅರ್ಧ ನಾಟ್ ದಾಟುವುದಿಲ್ಲ. ಬೆಳಗ್ಗೆ ಎಂಟರೊಳಗೆ ಮುಗಿಸಿ. ಬಿಸಿಲೇರಿದ ಮೇಲೆ ಗಾಳಿ ಎತ್ತಿ ಇಳಿಸುತ್ತದೆ, ಅಂಕಿ ನಿಲ್ಲುವುದಿಲ್ಲ. ಬೆಂಗಳೂರಿನ ಜಕ್ಕೂರು ವಿಮಾನಪಟ್ಟಿಯ ಸುತ್ತ ಇದಕ್ಕೆ ಜಾಗ ಸಿಗುವುದೇ ಕಷ್ಟ. ಪಕ್ಕದಲ್ಲೇ ಯಲಹಂಕ ವಾಯುನೆಲೆ, ಅದರಾಚೆ ದೇವನಹಳ್ಳಿ ವಿಮಾನ ನಿಲ್ದಾಣ. ಹಾಗಾಗಿ ಒಂದು ಹಾರಾಟಕ್ಕೆ ಒಂದೇ ಬದಲಾವಣೆ ಎಂಬ ನಿಯಮ ಇಟ್ಟುಕೊಳ್ಳಿ, ಇಲ್ಲದಿದ್ದರೆ ಸಿಕ್ಕ ಸಮಯವೂ ವ್ಯರ್ಥ.

ಮೊದಲು ಎಂಜಿನ್. ವೇಗ ಹೆಚ್ಚುವುದು ಶಕ್ತಿಯ ಘನಮೂಲದ ಲೆಕ್ಕದಲ್ಲಿ. 80ರಿಂದ 100 ಅಶ್ವಶಕ್ತಿಗೆ ಹೋದರೆ ಶಕ್ತಿ 25% ಹೆಚ್ಚು, ವೇಗ ಮಾತ್ರ ಬರೀ 7.7%. 95 ನಾಟ್ ಇದ್ದದ್ದು 102 ಆಗುತ್ತದೆ. ಇದಕ್ಕೆ 100 ಅಶ್ವಶಕ್ತಿಯ 912 ಯುಎಲ್‌ಎಸ್, ಹೊಸ ತೂಕದ ಲೆಕ್ಕ, ಸುಂಕ ಎಲ್ಲ ಸೇರಿ ಲಕ್ಷದ ಲೆಕ್ಕ ಎರಡಂಕಿಗೆ ಹೋಗುತ್ತದೆ. ಗಂಟೆಗೆ ಎರಡು ಲೀಟರ್ ಹೆಚ್ಚು ಕುಡಿಯುತ್ತದೆ. ಇಂಧನವೂ 95 ಆಕ್ಟೇನ್‌ಗೆ ಕಡಿಮೆಯಾಗುವಂತಿಲ್ಲ. ಯುಎಲ್‌ಗೆ 90 ಸಾಕು. ಎರಡಕ್ಕೂ ರೋಟ್ಯಾಕ್ಸ್ ಒಪ್ಪುವುದು 10% ಎಥನಾಲ್‌ವರೆಗೆ. 20% ಎಥನಾಲ್ ಬೆರೆತ ಇ20 ಪೆಟ್ರೋಲ್ ಬಿಡುಗಡೆಯಾದದ್ದು 2023ರ ಫೆಬ್ರುವರಿಯಲ್ಲಿ, ಇದೇ ಬೆಂಗಳೂರಿನಲ್ಲಿ. ಈಗ ಬಂಕಿನಲ್ಲಿ ಸಿಗುವುದು ಹೆಚ್ಚಾಗಿ ಅದೇ. ಯಾವ ಎಂಜಿನ್ ಇದ್ದರೂ ಕ್ಯಾನ್ ತುಂಬುವ ಮೊದಲು ಪರೀಕ್ಷೆ ಮಾಡಿ: ಗುರುತಿರುವ ಗಾಜಿನ ಕೊಳವೆಯಲ್ಲಿ 10 ಮಿಲಿ ನೀರು, 90 ಮಿಲಿ ಪೆಟ್ರೋಲ್, ಚೆನ್ನಾಗಿ ಕುಲುಕಿ ಹತ್ತು ನಿಮಿಷ ಬಿಡಿ. ಕೆಳಗಿನ ಪದರ 10ರಲ್ಲೇ ನಿಂತರೆ ಎಥನಾಲ್ ಇಲ್ಲ. 28ರ ಹತ್ತಿರ ಏರಿದರೆ ಅದು ಇ20, ವಿಮಾನಕ್ಕೆ ಬೇಡ.

ಎಂಜಿನ್ ಪರವಾಗಿ ಹೇಳಲೇಬೇಕಾದ ಮಾತು ಒಂದಿದೆ. ಬೆಂಗಳೂರು ಸಮುದ್ರ ಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಏಪ್ರಿಲ್ ಮಧ್ಯಾಹ್ನ 33 ಡಿಗ್ರಿ ಇದ್ದಾಗ ಇಲ್ಲಿನ ಗಾಳಿ 5,900 ಅಡಿ ಎತ್ತರದ ಗಾಳಿಯಷ್ಟು ತೆಳು. ಟರ್ಬೊ ಇಲ್ಲದ ಎಂಜಿನ್ ಆ ಹೊತ್ತಿಗೆ ಆರನೇ ಒಂದು ಪಾಲು ಶಕ್ತಿ ಕಳೆದುಕೊಂಡಿರುತ್ತದೆ. ಏರಿಕೆಗೆ 100 ಅಶ್ವಶಕ್ತಿ ಕೊಡುವ ಧೈರ್ಯ ಬೇರೆಯೇ. ಇದೇ ಊರಿನ ವೈಮಾನಿಕ ಸಂಶೋಧನಾ ಸಂಸ್ಥೆ ಎನ್‌ಎಎಲ್ ರೂಪಿಸಿದ ಪುಟ್ಟ ವಿಮಾನ ಹಂಸ-3ರಲ್ಲಿ ಟರ್ಬೊ ಇರುವ ರೋಟ್ಯಾಕ್ಸ್ 914 ಇದೆ. ಈ ಊರಿನ ಗಾಳಿಯಲ್ಲಿ ಅದರ ಬೆಲೆ ಗೊತ್ತಾಗುತ್ತದೆ. ಬೇಕಾಗಿರುವುದು ಏರಿಕೆಯಾದರೆ ಎಂಜಿನ್ ಬದಲಿಸಿ. ವೇಗಕ್ಕಾಗಿ ಬದಲಿಸಬೇಡಿ. ಶಕ್ತಿ ಹೆಚ್ಚಿದ ಮಾತ್ರಕ್ಕೆ ರೆಕ್ಕೆಯ ಬಲ ಹೆಚ್ಚುವುದಿಲ್ಲ, ಮೀರಬಾರದ ವೇಗದ ಕೆಂಪು ಗೆರೆಯೂ ಇದ್ದಲ್ಲೇ ಇರುತ್ತದೆ.

ಪ್ರೊಪೆಲ್ಲರ್: ಎರಡು ಅಲಗಿನ ಮರದ್ದನ್ನು ತೆಗೆದು, ನೆಲದ ಮೇಲೆ ಕೋನ ಬದಲಿಸಬಹುದಾದ ಮೂರು ಅಲಗಿನ ಕಾಂಪೋಸಿಟ್ ಹಾಕಿದರೆ ಕಂಪನ ಕಡಿಮೆಯಾಗುತ್ತದೆ. ವೇಗ? ಪಿಚ್, ಅಂದರೆ ಅಲಗಿನ ಕೋನ, ಹೆಚ್ಚಿಸಿದಾಗ ಕ್ರೂಸ್‌ನಲ್ಲಿ (ಒಂದೇ ಎತ್ತರದಲ್ಲಿ ದೂರ ಹಾರುವಾಗ) 3 ನಾಟ್ ಸಿಕ್ಕಿತು, ಆದರೆ ನೆಲ ಬಿಡುವ ಮೊದಲಿನ ಓಟ ಉದ್ದವಾಯಿತು, ಏರಿಕೆ ಸೊರಗಿತು. ಈ ಊರಿನ ತೆಳುಗಾಳಿಯಲ್ಲಿ ಆ ವ್ಯಾಪಾರ ಸರಿಹೋಗುವುದಿಲ್ಲ. ಕೋನ ಇಡುವಾಗ ಡಿಜಿಟಲ್ ಕೋನಮಾಪಕವನ್ನು ಮೊದಲು ಅಲಗುಗಳನ್ನು ಹಿಡಿದಿರುವ ಹಬ್‌ನ ಮುಖಕ್ಕೆ ಇಟ್ಟು ಸೊನ್ನೆ ಮಾಡಿಕೊಳ್ಳಿ, ಆಮೇಲೆ ಪ್ರತಿ ಅಲಗನ್ನೂ ಒಂದೇ ದಿಕ್ಕಿಗೆ ಅಡ್ಡ ನಿಲ್ಲಿಸಿ ಒಂದೇ ಗುರುತಿನಲ್ಲಿ ಅಳೆಯಿರಿ. ಅಲಗಿನಿಂದ ಅಲಗಿಗೆ 0.2 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಮತ್ತೆ ಸಡಿಲಿಸಿ. ಅರ್ಧ ಡಿಗ್ರಿಗೆ 100 ಆರ್‌ಪಿಎಂ ಆಚೀಚೆ ಬದಲಾಗುತ್ತದೆ. ಒಂದು ಗಂಟೆ ಹಾರಿದ ಮೇಲೆ ಬೋಲ್ಟ್‌ಗಳ ಬಿಗಿತ ಮತ್ತೆ ನೋಡಲೇಬೇಕು.

ಈಗ ಕವಚ. ದುಂಡು ಕೊಳವೆ ಗಾಳಿಯಲ್ಲಿ ಒಡ್ಡುವ ತಡೆ ಎಷ್ಟೆಂದರೆ, ಅದರ ಹತ್ತು ಪಟ್ಟು ದಪ್ಪನೆಯ ಮೀನಾಕಾರದ ಕಂಬಿಯೂ ಅಷ್ಟೇ ತಡೆ ಒಡ್ಡುತ್ತದೆ. 32 ಮಿ.ಮೀ. ಉಕ್ಕಿನ ಕಾಲು ಬರಿದಾಗಿ ನಿಂತಿದ್ದರೆ ವೇಗ ಸೋರುವುದು ಅಲ್ಲೇ. ಮೂರು ಚಕ್ರಕ್ಕೆ ವೀಲ್ ಪ್ಯಾಂಟ್ ಎಂಬ ಕವಚ ಹಾಕಿದಾಗ 2 ನಾಟ್ ಸಿಕ್ಕಿತು. ಕಾಲಿಗೆ ಕವಚ ಸೇರಿಸಿದಾಗ ಒಟ್ಟು 4. ಕಾಲು ದೇಹವನ್ನು ಸೇರುವಲ್ಲಿ, ಕಾಲು ಚಕ್ರವನ್ನು ಸೇರುವಲ್ಲಿ ಸಂದಿ ಮುಚ್ಚಿದಾಗ 6. ಪೂರ್ಣ ಥ್ರಾಟಲ್‌ನಲ್ಲಿ 101 ನಾಟ್. ಇಷ್ಟೇ ವೇಗವನ್ನು ಎಂಜಿನ್‌ನಿಂದ ಪಡೆಯಲು 20% ಹೆಚ್ಚು ಶಕ್ತಿ ಬೇಕು, ಅಂದರೆ 16 ಅಶ್ವಶಕ್ತಿ. ತೂಕ ಹೆಚ್ಚಿದ್ದು ಎಲ್ಲ ಸೇರಿ 5 ಕಿಲೋದೊಳಗೆ.

ತಲೆನೋವು ಕೊಡುವುದು ಕಾಲಿನ ಕವಚದ ದಿಕ್ಕು. ಅದೊಂದು ಪುಟ್ಟ ರೆಕ್ಕೆ ಇದ್ದಂತೆ. ಒಂದು ಡಿಗ್ರಿ ಓರೆಯಾದರೂ ಗಾಳಿಯನ್ನು ಪಕ್ಕಕ್ಕೆ ತಳ್ಳುತ್ತದೆ, ವಿಮಾನ ಓರೆಯಾಗಿ ಹಾರುವುದನ್ನು ತೋರುವ ಪ್ಯಾನೆಲ್‌ನ ಬಾಲ್ ಅರ್ಧ ಹೊರಗೆ ಸರಿದು ನಿಲ್ಲುತ್ತದೆ. ಅದನ್ನು ಸರಿಮಾಡಲು ಪೈಲಟ್ ಬಾಲದ ರಡರ್ ಒತ್ತಿ ಹಿಡಿಯುತ್ತಾನೆ, ಗಳಿಸಿದ ವೇಗ ಆ ರಡರ್‌ನಲ್ಲೇ ಹೋಗುತ್ತದೆ. ಮೊದಲ ಸಲ ಕವಚ ಕೂರಿಸಿದಾಗ 2 ನಾಟ್ ಬರುವ ಬದಲು ಏನೂ ಬರಲಿಲ್ಲ, ಕಾರಣ ಇದೇ. ಕಣ್ಣಳತೆಯಲ್ಲಿ ನೇರ ಕಂಡದ್ದು ಒಂದೂವರೆ ಡಿಗ್ರಿ ಓರೆಯಿತ್ತು.

ತಪ್ಪು ಶುರುವಾಗುವುದು ವಿಮಾನ ತನ್ನ ಚಕ್ರದ ಮೇಲೆ ನಿಂತಿರುವಾಗಲೇ ಕವಚ ಕೂರಿಸುವುದರಿಂದ. ಭಾರ ಬಿದ್ದಾಗ ಸ್ಪ್ರಿಂಗ್ ಕಾಲು ಅಗಲವಾಗುತ್ತದೆ, ತಿರುಚಿಕೊಳ್ಳುತ್ತದೆ. ಹಾರಿದ ಮೇಲೆ ಕೆಳಗಿಳಿದು ಬೇರೆ ಕೋನಕ್ಕೆ ಬರುತ್ತದೆ. ಆದ್ದರಿಂದ ಚಕ್ರ ನೆಲ ಬಿಡುವಷ್ಟು ಜ್ಯಾಕ್ ಮೇಲೆ ಎತ್ತಿ, ಕ್ರೂಸ್‌ನಲ್ಲಿ ಇರುವ ಮಟ್ಟಕ್ಕೆ ದೇಹವನ್ನು ತನ್ನಿ. ಗಾರೆಯವರು ಬಳಸುವ ತೂಗುಗುಂಡನ್ನು ಮೂಗಿನ ನಡುವಿಂದ ಒಮ್ಮೆ, ಬಾಲದ ನಡುವಿಂದ ಒಮ್ಮೆ ಇಳಿಬಿಟ್ಟು, ಎರಡು ಗುರುತಿನ ನಡುವೆ ಸುಣ್ಣದ ದಾರ ಮೀಟಿ ನೆಲಕ್ಕೆ ಗೆರೆ ಹಾಕಿ. ಕವಚದ ನಡುಎತ್ತರದಲ್ಲಿ ಮುಂಭಾಗಕ್ಕೆ ದಾರ ಸುತ್ತಿ, ಎರಡೂ ತುದಿಯನ್ನು ಕವಚದ ಮೈಗೆ ತಾಗಿಸಿಕೊಂಡು ಹಿಂದಕ್ಕೆಳೆದು, ಹಿಂಬದಿಯ ಅಂಚಿನಲ್ಲಿ ಕೂಡಿಸಿ, ಅಲ್ಲಿಂದ ಒಂದು ಮೀಟರ್ ಹಿಂದಕ್ಕೆ ಕವಚದ ನಡುರೇಖೆಯನ್ನು ಮುಂದುವರಿಸಿ. ಅಲ್ಲೊಂದು ಗುಂಡು ಇಳಿಬಿಟ್ಟು ನೆಲದ ಗೆರೆಯಿಂದ ಅಂತರ ಅಳೆಯಿರಿ, ಅಂಚಿನ ಕೆಳಗೂ ಅಳೆಯಿರಿ. ಎರಡೂ ಒಂದೇ ಇದ್ದರೆ ನೇರ. ಒಂದು ಮೀಟರಿಗೆ 17 ಮಿ.ಮೀ. ವ್ಯತ್ಯಾಸ ಬಂದರೆ ಒಂದು ಡಿಗ್ರಿ ಓರೆ. 4 ಮಿ.ಮೀ. ಒಳಗೆ ತಂದ ಮೇಲೆ ಕೈಬಿಡಬಹುದು. ಅಂಟು ಹಾಕಿ ಮುಗಿಸಬೇಡಿ. ಹಿಂಬದಿಗೆ ಪಿಯಾನೊ ಹಿಂಜ್, ಬುಡಕ್ಕೆ ಹೋಸ್ ಕ್ಲಿಪ್ ಇದ್ದರೆ ಹಾರಿ ಬಂದು ಒಂದೇ ಬದಿಯ ಕವಚವನ್ನು ಅರ್ಧ ಡಿಗ್ರಿ ತಿರುಗಿಸಿ ನೋಡಬಹುದು. ಬಾಲ್ ನಡುವಿಗೆ ಬರಲು ನಾಲ್ಕು ಹಾರಾಟ ಬೇಕಾಯಿತು.

ಸಂದಿ ಕವಚ ಮಾಡುವುದು ಸುಲಭ. ಕಾಲು ಸೇರುವ ಜಾಗಕ್ಕೆ ಮಕ್ಕಳ ಆಟದ ಕ್ಲೇ ತುಂಬಿ, ಚಮಚದ ಬೆನ್ನಿನಿಂದ ಬಳುಕು ಕೊಟ್ಟು, ಪ್ಯಾಕಿಂಗ್ ಟೇಪ್ ಹಚ್ಚಿ, ಮೇಣ ಸವರಿ, 200 ಗ್ರಾಂ ತೂಕದ ಗ್ಲಾಸ್ ಬಟ್ಟೆಯನ್ನು ಮೂರು ಪದರ ಎಪಾಕ್ಸಿಯಲ್ಲಿ ಹಾಸಿ. ಜೂನ್ ಜುಲೈಯ ತೇವದಲ್ಲಿ ಎಪಾಕ್ಸಿ ಮೇಲೆ ಮೇಣದಂಥ ಜಿಡ್ಡು ಕೂರುತ್ತದೆ. ಅದನ್ನು ನೀರು ಹಾಕಿ ತಿಕ್ಕಿ ತೊಳೆದ ಮೇಲೆಯೇ ಉಪ್ಪುಕಾಗದ ಹಿಡಿಯಿರಿ, ಇಲ್ಲದಿದ್ದರೆ ಬಣ್ಣ ಸಿಪ್ಪೆ ಏಳುತ್ತದೆ.

ವೀಲ್ ಪ್ಯಾಂಟ್‌ಗೆ ಗಾಳಿ ತುಂಬುವ ರಂಧ್ರ ಮರೆಯಬೇಡಿ. ರಂಧ್ರವಿಲ್ಲದಿದ್ದರೆ ಟೈರ್ ಗಾಳಿ ನೋಡುವುದೇ ತಪ್ಪಿಹೋಗುತ್ತದೆ, ಟೈರ್ ಕುಗ್ಗಿ ಕವಚ ನೆಲಕ್ಕೆ ಉಜ್ಜಿ ಸೀಳುತ್ತದೆ. ಕೆಮ್ಮಣ್ಣಿನ ಪಟ್ಟಿಯಲ್ಲಿ ಇಳಿಯುವವರು ಮಳೆಗಾಲಕ್ಕೆ ಬಿಚ್ಚಿಡುವುದೇ ಒಳ್ಳೆಯದು, ಒಳಗೆ ಕೆಸರು ತುಂಬಿ ಗಟ್ಟಿಯಾದರೆ ಚಕ್ರವೇ ತಿರುಗುವುದಿಲ್ಲ.

ರೆಕ್ಕೆಯ ಹಿಂಬದಿಯಲ್ಲಿ ಅಲುಗುವ ಏಲರಾನ್, ಫ್ಲ್ಯಾಪ್‌ಗಳ ಸಂದಿಗೆ ಟೇಪ್: ಒಂದು ನಾಟ್. ಚಲನೆಗೆ ತಡೆಯಾಗದಿದ್ದರೆ ಮಾತ್ರ. ಎಂಜಿನ್ ಮುಚ್ಚುವ ಕೌಲ್‌ನ ಗಾಳಿ ಹೊರಹೋಗುವ ಬಾಯಿ ಕಿರಿದು ಮಾಡುವುದು: ಈ ಊರಿನ ಏಪ್ರಿಲ್ ಬಿಸಿಲು ನೋಡಿದ ಮೇಲೆ ಕೈಹಾಕಲಿಲ್ಲ. ಯಾವ ಮಾರ್ಪಾಡಾದರೂ ನಾಗರಿಕ ವಿಮಾನಯಾನ ನಿಯಂತ್ರಕ ಡಿಜಿಸಿಎ ಕಾಗದಪತ್ರ ಮುಗಿದ ಮೇಲೆಯೇ ಹಾರಾಟ.

ವಾರಕ್ಕೊಮ್ಮೆ ಬೆಳಗ್ಗೆ ಒಂದೆರಡು ಗಂಟೆ ಹಾರುವವನಿಗೆ, ಪೆಟ್ರೋಲನ್ನು ಕ್ಯಾನಿನಲ್ಲಿ ಹೊರುವವನಿಗೆ ಕವಚವೇ ಸರಿ. ಮೈಸೂರಿಗೆ ಉಳಿಯುವುದು ಮೂರೇ ನಿಮಿಷ, ನಿಜ. ಆದರೆ ಥ್ರಾಟಲ್ ಹಿಂದೆಳೆದು ಹಳೆಯ ವೇಗದಲ್ಲೇ ಹೋದರೆ 17% ಕಡಿಮೆ ಶಕ್ತಿ ಸಾಕು, ಗಂಟೆಗೆ ಎರಡೂವರೆ ಲೀಟರ್ ಉಳಿಯುತ್ತದೆ. ಪ್ರೊಪೆಲ್ಲರ್ ಇದಾದ ಮೇಲೆ. ತಡೆ ಕಡಿಮೆಯಾದಾಗ ಪ್ರೊಪೆಲ್ಲರ್ ಹಗುರಾಗಿ, ಮಟ್ಟ ಹಾರಾಟದಲ್ಲಿ ಎಂಜಿನ್ 5,600 ಆರ್‌ಪಿಎಂ ಇದ್ದದ್ದು 5,750ಕ್ಕೆ ಏರಿತು, 5,800ರ ಕೆಂಪು ಗೆರೆ ಪಕ್ಕದಲ್ಲೇ. ಮೊದಲು ಕಷ್ಟಪಟ್ಟು ಇಟ್ಟ ಕೋನವನ್ನೆಲ್ಲ ಬಿಚ್ಚಿ ಮೂರು ಅಲಗಿಗೂ ಅರ್ಧ ಡಿಗ್ರಿ ಹೆಚ್ಚಿಸಿ, ಮತ್ತೆ ಬಿಗಿದು, ಮತ್ತೊಂದು ಗಂಟೆ ಹಾರಿಸಿ ಬೋಲ್ಟ್ ನೋಡಬೇಕಾಯಿತು.